ತೊಟ್ಟಿಗಳು ಮನೆಯಾದ ಊರು: ಮಾತೇರಾದ ಸಾಸ್ಸಿ ತೆರವಿನ ಪ್ರಕರಣ

1952ರ ಮೇ 17ರಂದು ಇಟಲಿಯಲ್ಲಿ 619ನೇ ಸಂಖ್ಯೆಯ ಕಾನೂನು ಬಂತು. ಅದು ಇಡೀ ದೇಶಕ್ಕೆ ಮಾಡಿದ ಕಾನೂನಲ್ಲ, ಒಂದೇ ಊರಿನ ಎರಡು ಕೇರಿಗಳಿಗಾಗಿ ಮಾಡಿದ್ದು. ಆ ಊರು ಮಾತೇರಾ. ದಕ್ಷಿಣ ಇಟಲಿಯ ಬಾಸಿಲಿಕಾತಾ ಪ್ರಾಂತ್ಯದಲ್ಲಿ, ಆಳವಾದ ಕಮರಿಯೊಂದರ ಅಂಚಿನಲ್ಲಿದೆ. ಅಲ್ಲಿನ ಸಾಸ್ಸಿ ಅನ್ನುವ ಗುಹೆಮನೆಗಳ ಕೇರಿಗಳಲ್ಲಿ ಆಗ ಸುಮಾರು 15,000 ಜನ ಇದ್ದರು. ಹೆಚ್ಚುಕಡಿಮೆ ಊರಿನ ಅರ್ಧ. ಅವರನ್ನು ಅಲ್ಲಿಂದ ಎಬ್ಬಿಸಿ ಹೊಸ ಮನೆ ಕಟ್ಟಿಕೊಡುವುದೇ ಕಾನೂನಿನ ಕೆಲಸ.

41 ವರ್ಷ ಕಳೆದು 1993 ಬಂತು. ಅದೇ ಗುಹೆಮನೆಗಳನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ದಕ್ಷಿಣ ಇಟಲಿಯಿಂದ ಆ ಪಟ್ಟಿ ಸೇರಿದ ಮೊದಲ ತಾಣ ಅದು.

ಹಾಗಾದರೆ 1952ರಲ್ಲಿ ಮಾಡಿದ್ದು ತಪ್ಪಾ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿದೆ. ಜನರನ್ನು ಹೊರಗೆ ಕರೆದುಕೊಂಡು ಬಂದಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ಅವರನ್ನು ಹೈರಾಣು ಮಾಡಿದ್ದು ಏನು ಅನ್ನುವುದು ಸರ್ಕಾರಕ್ಕೆ ಅರ್ಧ ಮಾತ್ರ ಗೊತ್ತಾಗಿತ್ತು. ಎಲ್ಲರ ಕಣ್ಣೂ ಗುಹೆಯ ಮೇಲಿತ್ತು. ನೀರಿನ ಕಡೆ ಯಾರೂ ನೋಡಲಿಲ್ಲ.

ಕಲ್ಲು ಕೊರೆದು ನೀರು ಕೂಡಿಟ್ಟವರು

ಮಾತೇರಾದ ಕಲ್ಲು ಮೆದು. ಒಂದು ಜಾತಿಯ ಸುಣ್ಣದ ಕಲ್ಲು ಅದು. ಊರಿನವರು 'ತೂಫೊ' ಅನ್ನುತ್ತಾರೆ. ಪಿಕಾಸಿ ಇದ್ದರೆ ಮನೆಯವರೇ ಕೊರೆದುಕೊಳ್ಳಬಹುದು. ಗುಡ್ಡದ ಒಳಗಿನಿಂದ ತೆಗೆದ ಕಲ್ಲನ್ನೇ ಇಟ್ಟಿಗೆಯ ಹಾಗೆ ಕತ್ತರಿಸಿ, ಗುಹೆಯ ಬಾಯಿಗೆ ಸೇರಿಸಿ ಕಮಾನು ಚಾವಣಿಯ ಕೋಣೆ ಕಟ್ಟುತ್ತಿದ್ದರು. ಹೊರಗಿನಿಂದ ನೋಡಿದರೆ ಮಾಮೂಲಿ ಮನೆ. ಒಳಗೆ ಹೋದರೆ ಗೋಡೆ ಎಲ್ಲಿ ಮುಗಿಯಿತು, ಗುಡ್ಡ ಎಲ್ಲಿ ಶುರುವಾಯಿತು ಅನ್ನುವುದೇ ತಿಳಿಯುವುದಿಲ್ಲ.

'ಸಾಸ್ಸಿ' ಅಂದರೆ ಕಲ್ಲುಗಳು, ಅಷ್ಟೇ. ಎರಡು ದೊಡ್ಡ ಬೋಗುಣಿಗಳ ಹಾಗೆ ಎರಡು ಕೇರಿಗಳಿವೆ. ಒಂದು ಸಾಸ್ಸೊ ಕವೆಯೋಸೊ, ಇನ್ನೊಂದು ಸಾಸ್ಸೊ ಬರಿಸಾನೊ. ನಡುವಿನ ದಿಬ್ಬದ ಹೆಸರು ಚಿವಿತಾ. ಅದರ ನೆತ್ತಿಯಲ್ಲಿ 13ನೇ ಶತಮಾನದ ದೊಡ್ಡ ಚರ್ಚು. ಕೆಳಗೆ ಕಮರಿಯ ತಳದಲ್ಲಿ ಗ್ರವಿನಾ ಹೊಳೆ. ಮನೆಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ. ಕೆಳಗಿನ ಮನೆಯ ಚಾವಣಿಯೇ ಮೇಲಿನ ಮನೆಯ ಅಂಗಳ, ಇಲ್ಲವೇ ಓಣಿ.

ಅಲ್ಲಿ ಮಳೆ ಕಡಿಮೆ. ಹೊಳೆಯೋ ಪಾತಾಳದಲ್ಲಿದೆ. ಹಾಗಾಗಿ ಆ ಜನ ಶತಮಾನಗಳ ಕಾಲ ಮಾಡಿದ ನಿಜವಾದ ದೊಡ್ಡ ಕೆಲಸ ಅಂದರೆ ಮಳೆನೀರು ಹಿಡಿದಿಟ್ಟಿದ್ದು. ಚಾವಣಿಯ ಮೇಲೆ ಬಿದ್ದ ನೀರು ಮಣ್ಣಿನ ದೋಣಿಯಲ್ಲಿ ಹರಿದು ಅಂಗಳದ ಕೆಳಗಿನ ತೊಟ್ಟಿಗೆ ಬರುತ್ತಿತ್ತು. ತೊಟ್ಟಿಯ ಆಕಾರ ಗಂಟೆಯಂತೆ. ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗೋಡೆಗೆ ಸುಣ್ಣದ ಜೊತೆ ಮಡಕೆ ಚೂರಿನ ಪುಡಿ ಕಲಸಿದ ಗಾರೆ. ನಮ್ಮ ಹಳೇ ಕಟ್ಟಡಗಳ ಸುರ್ಕಿ ಗಾರೆ ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಒಂದು ತೊಟ್ಟಿ ತುಂಬಿದರೆ ಹೆಚ್ಚಾದ ನೀರು ಕೆಳಗಿನವರ ತೊಟ್ಟಿಗೆ ಇಳಿಯುತ್ತಿತ್ತು. ಇಡೀ ಗುಡ್ಡವೇ ಒಂದಕ್ಕೊಂದು ಪೋಣಿಸಿದ ಕೊಡಗಳ ಸಾಲಾಗಿತ್ತು.

ಎರಡೂ ಕೇರಿಗಳ ತಳದಲ್ಲಿ ಒಂದೊಂದು ದೊಡ್ಡ ಹಳ್ಳ ಇತ್ತು. ಅವಕ್ಕೆ ಗ್ರಬಿಲ್ಯೋನಿ ಅಂತ ಹೆಸರು. ಮಳೆಯ ನೀರು, ಮನೆಯ ಕೊಳೆ ಎಲ್ಲ ಅದರಲ್ಲೇ ಹರಿದು ಗ್ರವಿನಾ ಸೇರುತ್ತಿತ್ತು. ತಳದಲ್ಲಿ ಕೂತ ಫಲವತ್ತಾದ ಮಣ್ಣು ಕೈತೋಟಗಳಿಗೆ ಗೊಬ್ಬರವಾಗುತ್ತಿತ್ತು.

ಮೇಲಿನ ಸಮತಟ್ಟಿನ ಊರಿನಲ್ಲಿ, ಮುಖ್ಯ ಚೌಕದ ಕೆಳಗೆ, ಪಲೊಂಬಾರೊ ಲುಂಗೊ ಅನ್ನುವ ಭಾರೀ ತೊಟ್ಟಿ ಇದೆ. ಸುಮಾರು 50 ಲಕ್ಷ ಲೀಟರ್ ಹಿಡಿಯುತ್ತದೆ. ಆಳ 15 ಮೀಟರಿಗಿಂತ ಜಾಸ್ತಿ. ನಲ್ಲಿ ನೀರು ಬಂದ ಮೇಲೆ ಊರು ಅದನ್ನು ಎಷ್ಟು ಮರೆತಿತ್ತು ಅಂದರೆ, 1991ರಲ್ಲಿ ಅದನ್ನು ಹೊಸದಾಗಿ ಪತ್ತೆ ಹಚ್ಚಬೇಕಾಯಿತು. ಚೌಕದಲ್ಲಿ ಕಾಫಿ ಕುಡಿಯುತ್ತಾ ಕೂತವರ ಕಾಲಡಿಯಲ್ಲೇ ಅಷ್ಟು ದೊಡ್ಡ ಕತ್ತಲ ಕೊಳ ಇತ್ತು!

ಕೆಟ್ಟಿದ್ದು ಎಲ್ಲಿ

1663ರಿಂದ 1806ರವರೆಗೆ ಬಾಸಿಲಿಕಾತಾ ಪ್ರಾಂತ್ಯಕ್ಕೆ ಮಾತೇರಾನೇ ರಾಜಧಾನಿಯಾಗಿತ್ತು. ಅನುಕೂಲಸ್ಥರು ಆಗಲೇ ಮೇಲಿನ ಸಮತಟ್ಟಿಗೆ ಹತ್ತಿ ದೊಡ್ಡ ಮನೆ ಕಟ್ಟಿಕೊಂಡರು. ಸಾಸ್ಸಿ ಬಡವರ ಪಾಲಾಯಿತು. 1806ರಲ್ಲಿ ರಾಜಧಾನಿ ಪೊಟೆಂಜಾಕ್ಕೆ ಹೋಯಿತು. 19ನೇ ಶತಮಾನದಲ್ಲಿ ಊರಿನವರು ಹಂಚಿಕೊಂಡು ಬಳಸುತ್ತಿದ್ದ ಹುಲ್ಲುಗಾವಲು, ಮಠಗಳ ಜಮೀನು ಎಲ್ಲ ಕೆಲವೇ ಜನರ ಕೈ ಸೇರಿತು. ಸ್ವಂತ ಜಮೀನಿಲ್ಲದ ಕೂಲಿಗಳು ಹೆಚ್ಚಿದರು. ಇರುವ ಜಾಗ ಮಾತ್ರ ಅಷ್ಟೇ ಇತ್ತು.

ಜನ ಎಲ್ಲಿ ಹೋಗಬೇಕು? ಕೊಟ್ಟಿಗೆಗಳು ಮನೆಯಾದವು. ದ್ರಾಕ್ಷಾರಸದ ನೆಲಮಾಳಿಗೆಗಳು ಮನೆಯಾದವು. ಬಂಡೆಯೊಳಗೆ ಕೊರೆದ ಹಳೇ ಚರ್ಚುಗಳೂ ಮನೆಯಾದವು. ಕೊನೆಗೆ ನೀರಿನ ತೊಟ್ಟಿಗಳ ಗೋಡೆ ಒಡೆದು ಬಾಗಿಲು ಇಟ್ಟು ಅಲ್ಲೂ ಸಂಸಾರ ಹೂಡಿದರು.

ಈ ಪ್ರಕರಣದ ಗಂಟು ಇಲ್ಲೇ ಇದೆ. ತೊಟ್ಟಿ ಅಂದರೆ ನೀರು ಹೊರಗೆ ಹೋಗದಂತೆ, ಬೆಳಕು ಒಳಗೆ ಬರದಂತೆ ಮಾಡಿದ ಜಾಗ. ಅದರಲ್ಲಿ ಹತ್ತು ಜನ ಮಲಗಿದರೆ ಥಂಡಿ ಹೋಗಲು ದಾರಿಯೇ ಇಲ್ಲ. ಒಂದು ತೊಟ್ಟಿ ಮನೆಯಾದರೆ ಪೋಣಿಸಿದ ಸಾಲೂ ಅಲ್ಲೇ ತುಂಡಾಯಿತು. ಅದಕ್ಕೆ ಸೇರಬೇಕಿದ್ದ ನೀರು ಪಕ್ಕದ ಗೋಡೆಯಲ್ಲಿ ಜಿನುಗತೊಡಗಿತು. ಕುಡಿಯುವ ನೀರಿಗೆ ಕೊಡ ಹಿಡಿದು ಮೇಲಕ್ಕೆ ಹತ್ತಬೇಕಾಯಿತು. 1930ರ ದಶಕದಲ್ಲಿ ಕೇರಿಗಳ ತಳದ ಹಳ್ಳಗಳನ್ನು ಮುಚ್ಚಿ ಮೇಲೆ ಗಾಡಿ ರಸ್ತೆ ಮಾಡಿದರು. ರಸ್ತೆ ಬೇಕಿತ್ತು ನಿಜ. ಆದರೆ ಉಳಿದಿದ್ದ ಕೊನೆಯ ಕೊಂಡಿಯೂ ಅಲ್ಲಿಗೆ ಕಳಚಿತು.

ವಿಕೊ ಸೊಲಿತಾರಿಯೊ ಅನ್ನುವ ಓಣಿಯಲ್ಲಿ ಒಂದು ಗುಹೆಮನೆಯನ್ನು ಹಳೇ ಸಾಮಾನುಗಳ ಸಮೇತ ಉಳಿಸಿಕೊಂಡಿದ್ದಾರೆ. ಇರುವುದು ಒಂದೇ ಕೋಣೆ. ನಡುವೆ ಎತ್ತರದ ಮಂಚ. ಹಾಸಿಗೆಯೊಳಗೆ ತುಂಬಿರುವುದು ಮೆಕ್ಕೆಜೋಳದ ಸಿಪ್ಪೆ. ಮಂಚ ಯಾಕೆ ಅಷ್ಟು ಎತ್ತರ ಅಂದರೆ, ನೆಲದ ಥಂಡಿ ತಾಗಬಾರದು, ಕೆಳಗೆ ಕೋಳಿ ಸಾಕುವುದಕ್ಕೂ ಜಾಗ ಬೇಕು. ಬಟ್ಟೆ ಇಡುವ ಪೆಟ್ಟಿಗೆಯ ಮೇಲೆ ಮಕ್ಕಳು ಮಲಗುತ್ತಿದ್ದರು. ತೀರಾ ಎಳೆಯದಾದರೆ ಎಳೆದ ಡ್ರಾಯರೇ ತೊಟ್ಟಿಲು. ಒಂದು ಮಗ್ಗ. ನಡುವೆ ಒಂದು ಪುಟ್ಟ ಮೇಜು, ಅದರ ಮೇಲೆ ಎಲ್ಲರೂ ಕೈ ಹಾಕಿ ಉಣ್ಣುವ ಒಂದೇ ದೊಡ್ಡ ತಟ್ಟೆ. ಹಿಂಭಾಗದಲ್ಲಿ ಹೇಸರಗತ್ತೆಯ ಜಾಗ, ಅದರ ಪಕ್ಕ ಗೊಬ್ಬರದ ಗುಂಡಿ. ಗೊಬ್ಬರ ಕೊಳೆಯುವಾಗ ಬರುವ ಕಾವು ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡುತ್ತಿತ್ತು. ಪ್ರಾಣಿಯನ್ನು ಹೊರಗೆ ಕಟ್ಟುವ ಮಾತೇ ಇರಲಿಲ್ಲ. ಮನೆಯ ಅತಿ ಬೆಲೆಬಾಳುವ ಆಸ್ತಿ ಅದು, ಹೊಲಕ್ಕೆ ಹೋಗಿ ಬರಲು ಇದ್ದ ಒಂದೇ ವಾಹನ.

ಆ ಗಾಳಿಯಲ್ಲಿ ಎಳೆ ಮಕ್ಕಳು ಉಳಿಯುವುದೇ ಕಷ್ಟವಾಗಿತ್ತು. ಮಲೇರಿಯಾ ಇತ್ತು. ಕಣ್ಣು ತೆಗೆಯುವ ಟ್ರಕೋಮಾ ಇತ್ತು. ಹಳೇ ಊರಿನ ಚೆಂದವನ್ನು ಹೊಗಳುವ ಮೊದಲು ನಾವು ಈ ಕೋಣೆಯಲ್ಲಿ ಒಂದು ನಿಮಿಷವಾದರೂ ನಿಂತಿರಬೇಕು, ಅಲ್ವಾ?

ದೇಶಕ್ಕೆ ಗೊತ್ತಾಗಿದ್ದು

ಕಾರ್ಲೊ ಲೇವಿ ಟುರಿನ್ನಿನ ವೈದ್ಯ, ಚಿತ್ರಕಾರ. ಮುಸೊಲಿನಿಯ ಸರ್ಕಾರ 1935ರಲ್ಲಿ ಅವರನ್ನು ಈ ಪ್ರಾಂತ್ಯಕ್ಕೆ ಗಡೀಪಾರು ಮಾಡಿತು. ಅವರನ್ನು ನೋಡಲು ಹೊರಟ ಸೋದರಿ ದಾರಿಯಲ್ಲಿ ಮಾತೇರಾ ಹಾದು ಬಂದರು. ಅವರೂ ವೈದ್ಯೆ. ಅವರು ಕಂಡಿದ್ದನ್ನು ಲೇವಿ 1945ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಬರೆದರು. ಅಲ್ಲಿ ಮಕ್ಕಳು ಹಿಂದೆ ಬಿದ್ದು ಕೇಳುವುದು ಕಾಸನ್ನಲ್ಲ, ಮಲೇರಿಯಾಕ್ಕೆ ಕೊಡುವ ಕ್ವಿನೈನ್ ಮಾತ್ರೆಯನ್ನು. ಆ ಒಂದು ವಿವರ ಸಾಕಾಯಿತು. ಉತ್ತರದ ಓದುಗರಿಗೆ ತಮ್ಮದೇ ದೇಶದಲ್ಲಿ ಇಂಥ ಊರಿದೆ ಅಂತ ನಂಬಲಾಗಲಿಲ್ಲ.

1948ರಲ್ಲಿ ಕಮ್ಯುನಿಸ್ಟ್ ನಾಯಕ ಪಾಲ್ಮಿರೊ ತೊಲ್ಯಾತ್ತಿ ಬಂದು ನೋಡಿದರು. 1950ರಲ್ಲಿ ಪ್ರಧಾನಿ ಆಲ್ಚಿದೆ ದೆ ಗಾಸ್ಪೆರಿ ಬಂದರು. ಇಬ್ಬರೂ ಎದುರು ಪಕ್ಷದವರು. ಆದರೆ ಸಾಸ್ಸಿಯ ವಿಷಯದಲ್ಲಿ ಇಬ್ಬರ ಮಾತೂ ಒಂದೇ ಆಯಿತು. 'ರಾಷ್ಟ್ರದ ಅವಮಾನ' ಅನ್ನುವ ಹಣೆಪಟ್ಟಿ ಊರಿಗೆ ಅಂಟಿತು. ಅದು ಅಂಟಿದ್ದು ಬರೀ ಸರ್ಕಾರಕ್ಕೆ ಅಲ್ಲ, ಅಲ್ಲಿ ಹುಟ್ಟಿ ಬೆಳೆದವರಿಗೂ ಅಂಟಿತು. ತಾವು ಬೆಳೆದ ಮನೆಯೇ ದೇಶದ ನಾಚಿಕೆ ಅಂತ ದಿನಾ ಕೇಳಿಸಿಕೊಂಡ ಮಕ್ಕಳ ಮನಸ್ಸು ಹೇಗಿದ್ದೀತು?

ವಠಾರ ಅನ್ನುವ ಆಸ್ತಿ

ಒಂದು ವಿಷಯಕ್ಕೆ ಆ ಕಾಲದವರನ್ನು ಮೆಚ್ಚಲೇಬೇಕು. ಮನೆ ಕಟ್ಟುವ ಮೊದಲು ಜನ ಹೇಗೆ ಬದುಕುತ್ತಿದ್ದಾರೆ ಅಂತ ಕೇಳಿದರು. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಮಾಡುತ್ತಿದ್ದ ಫ್ರೀಡ್‌ಮನ್ ಅನ್ನುವ ತತ್ವಶಾಸ್ತ್ರದ ಪ್ರಾಧ್ಯಾಪಕರ ನೇತೃತ್ವದಲ್ಲಿ ಒಂದು ಅಧ್ಯಯನ ತಂಡ ಕೂಡಿತು. ಮಾನವಶಾಸ್ತ್ರಜ್ಞ ತುಲ್ಲಿಯೊ ತೆಂತೋರಿ, ವೈದ್ಯ ರೊಕ್ಕೊ ಮಾತ್ಸರೋನೆ ಅಂಥವರು ಅದರಲ್ಲಿದ್ದರು. ಟೈಪ್‌ರೈಟರ್ ಕಂಪನಿಯ ಅದ್ರಿಯಾನೊ ಒಲಿವೆಟ್ಟಿ ಬೆನ್ನಿಗೆ ನಿಂತರು.

ಆ ತಂಡದ ಕಣ್ಣಿಗೆ ಬಿದ್ದಿದ್ದು ವಿಚಿನಾತೊ. ಕನ್ನಡದಲ್ಲಿ ಇದಕ್ಕೆ ಹೊಸ ಪದ ಹುಡುಕಬೇಕಿಲ್ಲ, ವಠಾರ ಅಂದರೆ ಮುಗಿಯಿತು. ಒಂದು ಅಂಗಳ, ಅದರ ಸುತ್ತ ಕೆಲವು ಮನೆಗಳು, ನಡುವೆ ಒಂದು ತೊಟ್ಟಿಯ ಬಾಯಿ. ಅಲ್ಲೇ ಬಟ್ಟೆ ಒಗೆಯುವುದು, ಕಾಳು ಆರಿಸುವುದು. ತಾಯಿ ಹೊಲಕ್ಕೆ ಹೋದರೆ ಮಗುವನ್ನು ಪಕ್ಕದ ಮನೆಯವರು ನೋಡಿಕೊಳ್ಳುವುದು. ಆಗಸ್ಟ್ 1ಕ್ಕೆ ಪ್ರತಿ ಮನೆಯಿಂದ ಒಂದೊಂದು ಹಿಡಿ ಕಾಳು ತಂದು ಒಂದೇ ಪಾತ್ರೆಯಲ್ಲಿ ಬೇಯಿಸಿ ಎಲ್ಲರೂ ಉಣ್ಣುವ ಕ್ರಾಪಿಯಾತಾ ಅನ್ನುವ ಊಟವೂ ವಠಾರದ್ದೇ. ಜಗಳ ಇರಲಿಲ್ಲವೇ? ಬೇಕಾದಷ್ಟಿತ್ತು. ಅಧ್ಯಯನದವರು ಅದನ್ನೂ ಮುಚ್ಚಿಡಲಿಲ್ಲ.

ಬ್ರೆಡ್ಡಿನ ವಿಷಯ ನನಗೆ ತುಂಬಾ ಇಷ್ಟ. ಹಿಟ್ಟು ಕಲಸುವುದು ಮನೆಯಲ್ಲಿ, ಸುಡುವುದು ಎಲ್ಲರಿಗೂ ಸೇರಿದ ಒಲೆಯಲ್ಲಿ. ಗಟ್ಟಿ ಗೋಧಿಯ ದೊಡ್ಡ ಬ್ರೆಡ್ಡು, ವಾರಗಟ್ಟಲೆ ಇಟ್ಟು ತಿನ್ನುವಂಥದ್ದು. ಯಾರದ್ದು ಯಾವುದು ಅಂತ ಗೊತ್ತಾಗಬೇಕಲ್ಲ? ಅದಕ್ಕೆ ಪ್ರತಿ ಮನೆಗೂ ಮರದ ಒಂದು ಅಚ್ಚು. ಕುರಿ ಕಾಯುವವರು ಕೂತಲ್ಲೇ ಕೆತ್ತಿದ್ದು. ಮೇಲ್ಗಡೆ ಹಿಡಿಯಲು ಹುಂಜವೋ ಮನುಷ್ಯನ ಗೊಂಬೆಯೋ ಇರುತ್ತದೆ. ಅಡಿಯಲ್ಲಿ ಮನೆಯ ಯಜಮಾನನ ಹೆಸರಿನ ಮೊದಲ ಅಕ್ಷರಗಳು. ಹಸಿ ಹಿಟ್ಟಿನ ಮೇಲೆ ಒತ್ತಿದರೆ ಸುಟ್ಟ ಮೇಲೂ ಗುರುತು ಉಳಿಯುತ್ತದೆ. ಮನೆ ಗುಹೆಯಾದರೂ ಬ್ರೆಡ್ಡಿನ ಮೇಲೆ ಹೆಸರಿತ್ತು.

ಈ ಅಧ್ಯಯನ ನೆಚ್ಚಿಕೊಂಡು ಊರಿನಿಂದ ಕೆಲವು ಕಿಲೋಮೀಟರ್ ದೂರದಲ್ಲಿ ಲಾ ಮಾರ್ತೆಲ್ಲಾ ಅನ್ನುವ ಹೊಸ ಹಳ್ಳಿ ಕಟ್ಟಿದರು. ವಿನ್ಯಾಸ ಲುದೊವಿಕೊ ಕ್ವಾರೋನಿ ಮತ್ತು ಗೆಳೆಯರದ್ದು. ಬಾಗಿದ ಬೀದಿಗಳು, ಒಂದಕ್ಕೊಂದು ಮುಖ ಮಾಡಿದ ಮನೆಗಳು, ಎತ್ತರದಲ್ಲಿ ಚರ್ಚು. ಕೊಟ್ಟಿಗೆ ಮನೆಗೆ ಅಂಟಿಕೊಂಡೇ ಇತ್ತು, ಆದರೆ ಮಲಗುವ ಕೋಣೆಯಿಂದ ಬೇರೆ. ರೈತನ ಮನಸ್ಸು ಅರಿತು ಮಾಡಿದ ಕೆಲಸ ಅದು. 1953ರಲ್ಲಿ ದೆ ಗಾಸ್ಪೆರಿಯೇ ಬಂದು ಉದ್ಘಾಟಿಸಿದರು.

ಆದರೂ ಅಂದುಕೊಂಡ ಹಾಗೆ ಅದು ಬೆಳೆಯಲಿಲ್ಲ. ಮನೆ ಕಟ್ಟಿದ್ದು ಒಂದು ಸಂಸ್ಥೆ, ಜಮೀನು ಹಂಚಬೇಕಾದದ್ದು ಇನ್ನೊಂದು. ಎರಡಕ್ಕೂ ಹೊಂದಾಣಿಕೆ ಆಗಲಿಲ್ಲ. ರೈತರ ಹಳ್ಳಿಯಲ್ಲಿ ರೈತನಿಗೆ ಸಾಕಷ್ಟು ಜಮೀನು ಸಿಗಲಿಲ್ಲ. ಸೌಕರ್ಯಗಳು ತಡವಾದವು. ಅದೇ ಹೊತ್ತಿಗೆ ಟುರಿನ್, ಮಿಲಾನಿನ ಕಾರ್ಖಾನೆಗಳು ದಕ್ಷಿಣದ ಯುವಕರನ್ನು ಕರೆಯುತ್ತಿದ್ದವು. ಇಷ್ಟು ಪ್ರೀತಿಯಿಂದ ಯೋಜಿಸಿದ ಊರು ಒಂದು ಜಮೀನು ಪತ್ರಕ್ಕಾಗಿ ಸೊರಗಿತಲ್ಲ ಅಂತ ಸಂಕಟವಾಗುತ್ತದೆ.

ಹೆಚ್ಚಿನ ಕುಟುಂಬಗಳು ಹೋಗಿದ್ದು ಮಾತೇರಾದ ಅಂಚಿನ ಹೊಸ ಬಡಾವಣೆಗಳಿಗೆ. ಸೆರ್ರಾ ವೆನೆರ್ದಿ, ಲನೇರಾ, ಸ್ಪೀನೆ ಬ್ಯಾಂಕೆ. ಇವೂ ಒಳ್ಳೆಯ ವಾಸ್ತುಶಿಲ್ಪಿಗಳ ಕೈಯಿಂದ ಬಂದವು. ನಲ್ಲಿ, ಶೌಚಾಲಯ, ಕಿಟಕಿ, ಪ್ರತ್ಯೇಕ ಕೋಣೆ ಎಲ್ಲ ಇತ್ತು. ಒಂದು ಗುಹೆಯಲ್ಲಿ ಹತ್ತು ಜನರ ಸಂಸಾರ ತೂಗಿಸಿದ ತಾಯಿಗೆ ಮನೆಯೊಳಗೆ ನಲ್ಲಿ ತಿರುಗಿಸುವುದು ಎಷ್ಟು ದೊಡ್ಡದು ಅನ್ನುವುದನ್ನು ನಾವು ಕಡಿಮೆ ಮಾಡಿ ಮಾತಾಡಬಾರದು. ಆದರೆ ಮನೆಗಳನ್ನು ಕುಟುಂಬಕ್ಕೊಂದರಂತೆ ಹಂಚಿದರು. ವಠಾರಕ್ಕೊಂದು ಅಂತ ಹಂಚಲಿಲ್ಲ. ಒಂದೇ ತೊಟ್ಟಿಯ ನೀರು ಸೇದಿದವರು ಬೇರೆ ಬೇರೆ ಬಡಾವಣೆಗಳ ಪಾಲಾದರು.

ಇಟ್ಟಿಗೆ ಕಟ್ಟಿದ ಬಾಗಿಲು

ಖಾಲಿಯಾದ ಮನೆಗೆ ಜನ ಮತ್ತೆ ನುಗ್ಗಬಾರದು ಅಂತ ಬಾಗಿಲುಗಳಿಗೆ ಗೋಡೆ ಕಟ್ಟಿದರು. ಮನೆ ಸರ್ಕಾರದ ಸ್ವತ್ತಾಯಿತು. ಹೊಸ ಮನೆಗೆ ಬದಲಾಗಿ ಹಳೆಯದನ್ನು ಬಿಟ್ಟುಕೊಡಬೇಕು, ಅದು ಲೆಕ್ಕ. ಆಗ ಅದು ಯಾರಿಗೂ ನಷ್ಟ ಅನ್ನಿಸಿರಲಿಕ್ಕಿಲ್ಲ. ಕೊಳೆತ ಗುಹೆಗೆ ಬೆಲೆ ಎಲ್ಲಿಯದು? 1960ರ ದಶಕ ಮುಗಿಯುವ ಹೊತ್ತಿಗೆ ಸಾಸ್ಸಿ ಬಹುಪಾಲು ಪಾಳು ಬಿದ್ದಿತ್ತು. ಮನುಷ್ಯರಿಲ್ಲದ ಮನೆ ಬೇಗ ಹಾಳಾಗುತ್ತದೆ. ದೋಣಿಗಳಲ್ಲಿ ಕಸ ಕಟ್ಟಿತು, ಚಾವಣಿ ಸೋರಿತು, ಕಮಾನು ಕುಸಿಯಿತು.

ಅದಕ್ಕೂ ಮೊದಲೇ ಮಾತೇರಾದವರೇ ಆದ ಕೆಲವು ಯುವಕ ಯುವತಿಯರು ಎದ್ದು ನಿಂತಿದ್ದರು. 1959ರಲ್ಲಿ ಲಾ ಸ್ಕಲೆತ್ತಾ ಅನ್ನುವ ಬಳಗ ಕಟ್ಟಿಕೊಂಡು ಕಮರಿಯ ಎರಡೂ ಬದಿಯ ಗುಹೆಗಳನ್ನು ಹುಡುಕುತ್ತಾ ಹೋದರು. ಬಂಡೆಯೊಳಗಿನ ಚರ್ಚುಗಳನ್ನು ಒಂದೊಂದಾಗಿ ಪಟ್ಟಿ ಮಾಡಿದರು. 1963ರಲ್ಲಿ ಕುರಿ ಕೂಡುತ್ತಿದ್ದ ಒಂದು ಗುಹೆಯ ಗೋಡೆಯ ಮೇಲೆ ಸಾವಿರ ವರ್ಷಕ್ಕೂ ಹಳೆಯ ಚಿತ್ರಗಳು ಕಂಡವು. ಆದಾಮ, ಹವ್ವ, ಕೆಂಪು ಹೂಗಳು. ಈಗ ಅದು ಮೂಲ ಪಾಪದ ಗುಹೆ ಅಂತ ಹೆಸರುವಾಸಿ. ಊರೇ ನಾಚಿಕೆ ಅಂತ ಮುಖ ತಿರುಗಿಸಿದ್ದ ಕಾಲದಲ್ಲಿ ಟಾರ್ಚು ಹಿಡಿದು ಒಳಗೆ ಹೋದ ಈ ಬಳಗದವರಿಗೆ ನನ್ನ ಮನಸಾರೆ ನಮಸ್ಕಾರ. ಆ ಬಳಗ ಕಟ್ಟಿದವರಲ್ಲಿ ಒಬ್ಬರಾದ ರಫ್ಫಾಯೆಲ್ಲೊ ದೆ ರುಜ್ಜೇರಿ ಮುಂದೆ 2015ರಲ್ಲಿ ಊರಿನ ಮೇಯರ್ ಆದರು.

1986ರಲ್ಲಿ ಇನ್ನೊಂದು ಕಾನೂನು ಬಂತು, ಸಂಖ್ಯೆ 771. ಇದು 1952ರದ್ದಕ್ಕೆ ತದ್ವಿರುದ್ಧ. ಸಾಸ್ಸಿಯಲ್ಲಿ ಮತ್ತೆ ಜನ ಇರಬೇಕು, ಅದಕ್ಕೆ 10,000 ಕೋಟಿ ಲೀರಾ. ಮಾಲೀಕತ್ವ ಸರ್ಕಾರದ್ದೇ. ರಿಪೇರಿ ಮಾಡಿಕೊಳ್ಳುವವರಿಗೆ ಪುರಸಭೆಯ ಮೂಲಕ ದೀರ್ಘ ಕಾಲದ ಗುತ್ತಿಗೆ.

ನೀರಿನ ಮಾತನ್ನು ಮತ್ತೆ ಎತ್ತಿದವರು ವಾಸ್ತುಶಿಲ್ಪಿ ಪಿಯೆತ್ರೊ ಲಾವ್ರೆಯಾನೊ. ಯುನೆಸ್ಕೊಗೆ ಅರ್ಜಿ ಸಿದ್ಧ ಮಾಡಿದ್ದು ಅವರೇ. ಮರುಭೂಮಿಯ ಊರುಗಳ ನೀರಿನ ವ್ಯವಸ್ಥೆ ಓದಿಕೊಂಡಿದ್ದ ಅವರಿಗೆ ಸಾಸ್ಸಿ ಬೇರೆಯೇ ಥರ ಕಂಡಿತು. ಬಡತನದ ಗೂಡುಗಳನ್ನು ಬಿಟ್ಟು ಅವರು ತೊಟ್ಟಿ, ಕಾಲುವೆ, ಕೈತೋಟ, ಚಾವಣಿಗಳ ನಂಟನ್ನು ಹಿಡಿದು ಹೇಳಿದರು. ಸಾಸ್ಸಿಗೆ ರೋಗ ಬಂದಿದ್ದು ಈ ನಂಟು ಹರಿದ ಮೇಲೆ ಅಂತ ವಾದಿಸಿದರು. ತಾವೇ ಸಂಸಾರ ಸಮೇತ ಸಾಸ್ಸಿಗೆ ಬಂದು ನೆಲೆಸಿದರು. 40 ವರ್ಷ ಮೊದಲು ಸರ್ಕಾರದ ಮೇಜಿನ ಮೇಲೆ ಇರಬೇಕಿದ್ದ ವಾದ ಇದು. ಇದ್ದಿದ್ದರೆ ಜನರನ್ನು ಕಡಿಮೆ ಮಾಡಿ, ತೊಟ್ಟಿಗಳನ್ನು ಮತ್ತೆ ತೊಟ್ಟಿ ಮಾಡಿ, ಒಳ್ಳೆಯ ಮನೆಗಳನ್ನು ಅಲ್ಲಿಯವರಿಗೇ ಉಳಿಸಬಹುದಿತ್ತು ಅಂತ ನನಗೆ ಅನ್ನಿಸುತ್ತದೆ.

ಯಾರು ಮರಳಿದರು

2014ರಲ್ಲಿ ಮಾತೇರಾವನ್ನು 2019ರ ಯುರೋಪಿನ ಸಾಂಸ್ಕೃತಿಕ ರಾಜಧಾನಿ ಅಂತ ಆರಿಸಿದರು. ರಾಷ್ಟ್ರೀಯ ರೈಲು ಆಗಿನ್ನೂ ಬಾರದಿದ್ದ ಊರಿಗೆ, ಬಾರಿ ಅನ್ನುವ ನಗರದಿಂದ ಪುಟ್ಟ ಹಳಿಯ ರೈಲಿನಲ್ಲಿ, ಬಸ್ಸಿನಲ್ಲಿ ಜನ ತುಂಬಿ ಬಂದರು. ಆ ವರ್ಷದ ಕಾರ್ಯಕ್ರಮಗಳಿಗೆ 19 ಯೂರೋ ಕೊಟ್ಟರೆ ಒಂದು ಪಾಸ್‌ಪೋರ್ಟ್ ಸಿಗುತ್ತಿತ್ತು. ಅದಿದ್ದವರು ಊರಿನ ತಾತ್ಕಾಲಿಕ ನಾಗರಿಕರು. ಚೆಂದದ ಯೋಚನೆ ಅದು, ಬಂದವರನ್ನು ಬರೀ ಪ್ರವಾಸಿ ಅನ್ನದೆ ಊರಿನವರ ಹಾಗೆ ನೋಡಬೇಕು ಅನ್ನುವ ಆಸೆ ಅದರಲ್ಲಿತ್ತು.

ಈಗ ಸಾಸ್ಸಿಯ ಗುಹೆಗಳಲ್ಲಿ ಹೋಟೆಲು, ಊಟದ ಮನೆ, ದಿನದ ಬಾಡಿಗೆಯ ಕೋಣೆಗಳೇ ಜಾಸ್ತಿ. ಕೆಲವು ತೊಟ್ಟಿಗಳು ಈಜುಕೊಳವಾಗಿವೆ. ಸಂಸಾರ ಹೂಡಿ ನೆಲೆಸಿದವರು ಕಡಿಮೆ. 1950ರ ದಶಕದಲ್ಲಿ ಅಲ್ಲಿಂದ ಹೊರಟವರ ಮೊಮ್ಮಕ್ಕಳು ಬಡಾವಣೆಗಳಿಂದ ಬಂದು ಇಲ್ಲಿ ಕೆಲಸ ಮಾಡುತ್ತಾರೆ. ಅಜ್ಜನ ಮನೆ ಬೇಕು ಅಂದರೆ ಅವರೂ ಉಳಿದವರ ಹಾಗೆ ಗುತ್ತಿಗೆಗೆ ಅರ್ಜಿ ಹಾಕಬೇಕು. ಹಕ್ಕನ್ನು 1952ರ ಲೆಕ್ಕದಲ್ಲೇ ಬಿಟ್ಟುಕೊಟ್ಟಾಗಿದೆ. ಒಂದು ಕಾಲದಲ್ಲಿ ಮನೆಯವರ ಹೆಸರು ಹೊತ್ತಿದ್ದ ಬ್ರೆಡ್ಡಿನ ಅಚ್ಚುಗಳು ಅಂಗಡಿ ಮುಂದೆ ಸಾಲಾಗಿ ನಿಂತಿವೆ. ಕೊಂಡು ಒಯ್ಯುವವರಿಗೆ ಒತ್ತಲು ಹಿಟ್ಟಿಲ್ಲ.

ಅದೇ 2019ರ ನವೆಂಬರ್ 12ರಂದು ಊರಿಗೆ ಜೋರು ಮಳೆ ಹೊಡೆಯಿತು. ನೀರು ಸಾಸ್ಸಿಯ ಮೆಟ್ಟಿಲುಗಳ ಮೇಲೆ ಜಲಪಾತದ ಹಾಗೆ ಇಳಿಯಿತು. ಇಳಿದು ಹೋಗಲು ಕೇರಿಯ ತಳದ ರಸ್ತೆ ಹಿಡಿಯಿತು. ಅದು 1930ರ ದಶಕದಲ್ಲಿ ಹಳ್ಳ ಮುಚ್ಚಿ ಮಾಡಿದ ರಸ್ತೆ. ಕೆಲವು ಗಂಟೆ ಅಲ್ಲಿ ಮತ್ತೆ ಹಳ್ಳವೇ ಹರಿಯಿತು. ಮಳೆ ನಿಂತ ಮೇಲೆ ಅಂಗಡಿಯವರು ಬಾಗಿಲಿನ ಕೆಸರು ಬಾಚತೊಡಗಿದರು.